ದಿನಕ್ಕೆ ಒಂದು ಮಿಲಿಮೀಟರ್

ಹೋದ ವರ್ಷ ಕಿಟಕಿಗೆ ಗಾಜು ಕೂರಿಸುವಾಗ ನಮ್ಮ ಮಾಮುವಿನ ಮಣಿಕಟ್ಟು ಕೊಯ್ದುಹೋಯಿತು. ಹತ್ತಿರದ ದವಾಖಾನೆಯಲ್ಲಿ ಹೊಲಿಗೆ ಹಾಕಿ ಕಳಿಸಿದರು. ಗಾಯ ಮಾಯಿತು. ಆದರೆ ಕಿರುಬೆರಳಿಗೆ ಬಿಸಿ ಚಹಾದ ಲೋಟ ತಾಗಿದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಮೂರು ವಾರದ ಮೇಲೆ ಹುಬ್ಬಳ್ಳಿಗೆ ಹೋದಾಗ ಅಲ್ಲಿನ ಸರ್ಜನ್, "ಅಲ್ನಾರ್ ನರ ತುಂಡಾಗಿದೆ" ಎಂದರು. ಮೊಣಕೈಗೆ ಪೆಟ್ಟು ಬಿದ್ದರೆ ಜುಮ್ಮೆನ್ನುತ್ತದಲ್ಲ, ಅದೇ ನರ. ಆಪರೇಶನ್ ಮಾಡಿ ಜೋಡಿಸಿದ ಮೇಲೆ, "ಇದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ, ತಾಳ್ಮೆ ಬೇಕು" ಎಂದರು.

ನಾನು ವಾಣಿಜ್ಯ ವಿಭಾಗದವನು. ಲೆಕ್ಕ ಕೇಳಿದರೆ ಸುಮ್ಮನಿರಲಾಗುವುದಿಲ್ಲ. ಅದಕ್ಕೇ ವಿಜ್ಞಾನ ವಿಭಾಗದ ಗೆಳೆಯರ ಹಿಂದೆ ಬಿದ್ದು ಈ ವಿಷಯ ತಿಳಿದುಕೊಂಡೆ.

ಒಂದು ನರದೊಳಗೆ ಸಾವಿರಾರು ಎಳೆಗಳಿರುತ್ತವೆ. ಅವುಗಳ ಜೀವಕೋಶಗಳು ಇರುವುದು ಬೆನ್ನುಹುರಿಯಲ್ಲಿ ಅಥವಾ ಅದರ ಪಕ್ಕದಲ್ಲಿ. ನರ ತುಂಡಾದರೆ, ಜೀವಕೋಶದ ಸಂಪರ್ಕ ತಪ್ಪಿದ ಆಚೆಯ ಭಾಗದ ಎಳೆಗಳು ಸಾಯುತ್ತವೆ. 1850ರಲ್ಲಿ ಆಗಸ್ಟಸ್ ವಾಲರ್ ಎಂಬ ಇಂಗ್ಲಿಷ್ ವೈದ್ಯ ಕಪ್ಪೆಯ ನಾಲಿಗೆಯ ನರಗಳನ್ನು ಕತ್ತರಿಸಿ ಇದನ್ನು ತೋರಿಸಿಕೊಟ್ಟ. ಆದರೆ ಅಲ್ಲಿನ ಶ್ವಾನ್ ಕೋಶಗಳು ಸಾಯುವುದಿಲ್ಲ. ಅವು ಕಸ ತೆಗೆದು, ಹೊಸ ಎಳೆ ಬರುವುದಕ್ಕೆ ದಾರಿ ಮಾಡಿಕೊಡುತ್ತವೆ.

ಈಗ ಇಂಥ ಪ್ರಯೋಗಗಳು ಹೆಚ್ಚಾಗಿ ನಡೆಯುವುದು ಇಲಿಗಳ ಮೇಲೆ. ಇಲಿಯ ತೊಡೆಯಲ್ಲಿರುವ ಸಯಾಟಿಕ್ ನರ ಸೂಕ್ಷ್ಮದರ್ಶಕದ ಕೆಳಗೆ ಹೊಲಿಯುವಷ್ಟು ದಪ್ಪವಿರುತ್ತದೆ. ಅರಿವಳಿಕೆ ಕೊಟ್ಟು ಅದನ್ನು ಜಜ್ಜುತ್ತಾರೆ, ಕತ್ತರಿಸಿ ಹೊಲಿಯುತ್ತಾರೆ, ಇಲ್ಲವೇ ಒಂದು ತುಣುಕು ತೆಗೆದು ಆ ಜಾಗದಲ್ಲಿ ಬೇರೆ ನರವನ್ನೋ ಕೊಳವೆಯನ್ನೋ ಇಡುತ್ತಾರೆ. ಜಜ್ಜಿದ ನರ ಚೆನ್ನಾಗಿ ಚೇತರಿಸಿಕೊಳ್ಳುತ್ತದೆ. ಕತ್ತರಿಸಿದ್ದು ಅಷ್ಟಕ್ಕಷ್ಟೇ.

ಗುಣವಾಯಿತೋ ಇಲ್ಲವೋ ಎಂದು ಇಲಿ ಬಾಯಿಬಿಟ್ಟು ಹೇಳುವುದಿಲ್ಲ. ಆದ್ದರಿಂದ ಅದರ ಹಿಂಗಾಲಿಗೆ ಮಸಿ ಹಚ್ಚಿ ಕಾಗದದ ಮೇಲೆ ನಡೆಸುತ್ತಾರೆ. ನರ ಸರಿಯಿದ್ದರೆ ಬೆರಳುಗಳು ಅಗಲವಾಗಿ ಮೂಡುತ್ತವೆ. ಕೆಟ್ಟಿದ್ದರೆ ಹೆಜ್ಜೆ ಉದ್ದವಾಗಿ, ಬೆರಳುಗಳು ಒತ್ತಾಗಿ ಕಾಣುತ್ತವೆ. ಇದನ್ನು ಅಳೆದು ಅಂಕಿಯಲ್ಲಿ ಹೇಳುವ ಸೂತ್ರವನ್ನು 1982ರಲ್ಲಿ ಡಿ ಮೆಡಿನಾಸೆಲಿ ಮತ್ತು ಸಂಗಡಿಗರು ಪ್ರಕಟಿಸಿದರು.

ಆದರೆ ಇಲಿಯ ಲೆಕ್ಕ ಮನುಷ್ಯನಿಗೆ ಹಾಗೇ ಹೊಂದುವುದಿಲ್ಲ. ಇಲಿಯ ಕಾಲು ಗಿಡ್ಡ, ಅದರ ನರ ಬೆಳೆಯುವುದೂ ನಮ್ಮದಕ್ಕಿಂತ ಬೇಗ. ಕೆಲವೇ ವಾರಗಳಲ್ಲಿ ಎಳೆಗಳು ಪಾದ ಮುಟ್ಟುತ್ತವೆ. ಮಾಮುವಿನ ಮಣಿಕಟ್ಟಿನಿಂದ ಕಿರುಬೆರಳ ತುದಿಗೆ ಸುಮಾರು 18 ಸೆಂಟಿಮೀಟರ್, ಅಂದರೆ 180 ದಿನ. ತೋಳಿನ ಮೇಲ್ಭಾಗದಲ್ಲೇ ತುಂಡಾಗಿದ್ದರೆ ಒಂದೂವರೆ ವರ್ಷ ದಾಟುತ್ತಿತ್ತು. ನರವಿಲ್ಲದ ಸ್ನಾಯು ಅಷ್ಟು ದಿನ ಕಾಯುವುದಿಲ್ಲ, ವರ್ಷ ಒಂದೂವರೆ ವರ್ಷದಲ್ಲಿ ಸೊರಗಿಹೋಗುತ್ತದೆ. ಆಮೇಲೆ ನರ ಬಂದರೂ ಪ್ರಯೋಜನ ಕಡಿಮೆ. ಇಲಿಯಲ್ಲಿ ಒಂದು ಸೆಂಟಿಮೀಟರ್ ಅಂತರ ದಾಟಿಸಿದ ಕೊಳವೆ ಮನುಷ್ಯನ ಐದಾರು ಸೆಂಟಿಮೀಟರ್ ದಾಟಿಸುತ್ತದೆಂಬ ಖಾತ್ರಿಯೂ ಇಲ್ಲ. ಅದಕ್ಕೇ ಉದ್ದದ ಅಂತರವನ್ನು ಪರೀಕ್ಷಿಸಲು ಮೊಲ, ಕುರಿಗಳನ್ನೂ ಬಳಸುತ್ತಾರೆ.

ಇದೆಲ್ಲ ಓದುವಾಗ ಆ ಇಲಿಗಳ ಬಗ್ಗೆ ಸಂಕಟವಾಯಿತು. ನಮ್ಮ ದೇಶದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ನಿಯಮಗಳ ಪ್ರಕಾರ, ಇಂಥ ಪ್ರಯೋಗಕ್ಕೆ ಮೊದಲು ನೈತಿಕ ಸಮಿತಿಯ ಒಪ್ಪಿಗೆ ಬೇಕು. ಬೇರೆ ದಾರಿ ಇದ್ದರೆ ಅದನ್ನು ಹಿಡಿಯಬೇಕು, ಕಡಿಮೆ ಪ್ರಾಣಿ ಬಳಸಬೇಕು, ನೋವು ಕಡಿಮೆ ಮಾಡಬೇಕು ಎಂಬ ಮೂರು ಸೂತ್ರಗಳನ್ನು ರಸೆಲ್ ಮತ್ತು ಬರ್ಚ್ 1959ರಲ್ಲೇ ಹೇಳಿದ್ದರು. ಇಷ್ಟು ಜೀವ ತೆತ್ತು ಕಲಿತದ್ದನ್ನು ನಾವು ಸರಿಯಾಗಿ ಬಳಸದಿದ್ದರೆ ಅದೂ ತಪ್ಪೇ ಎಂದು ನನಗನಿಸುತ್ತದೆ.

ಹಳಿಯಾಳದ ಕಬ್ಬಿನ ಗದ್ದೆಯಲ್ಲಿ, ಜೋಯಿಡಾದ ಬಿದಿರು ಕೆಲಸದಲ್ಲಿ, ಮುಂಡಗೋಡದ ಭತ್ತದ ಕೊಯ್ಲಿನಲ್ಲಿ ಕೈ ಕೊಯ್ದುಕೊಳ್ಳುವವರು ನಮ್ಮ ಮನೆಯವರೇ. ರಕ್ತ ನಿಂತ ಮೇಲೆ ಅವರ ಕಣ್ಣು ಮುಚ್ಚಿಸಿ ಒಂದೊಂದೇ ಬೆರಳ ತುದಿ ಮುಟ್ಟಿ ನೋಡಿ. ಗೊತ್ತಾಗದಿದ್ದರೆ, ಅಥವಾ ಬೆರಳು ಮಡಚಲು, ಅಗಲಿಸಲು ಬಾರದಿದ್ದರೆ, ಅಂದೇ ಸರ್ಜನ್ ಹತ್ತಿರ ಕರೆದೊಯ್ಯಿರಿ.

ಆಪರೇಶನ್ ಆಗಿ ಮೂರು ತಿಂಗಳಾದಾಗ ಡಾಕ್ಟರು ಮಾಮುವಿನ ಅಂಗೈಯನ್ನು ಬೆರಳಿಂದ ತಟ್ಟುತ್ತ ಹೋದರು. ಗಾಯದಿಂದ ಆರು ಸೆಂಟಿಮೀಟರ್ ಮುಂದೆ ಒಂದು ಕಡೆ ಜುಮ್ ಎಂದಿತು. ಬೆಳೆಯುತ್ತಿರುವ ನರದ ತುದಿ ಅಲ್ಲಿಗೆ ಬಂದಿದೆ ಎಂದರ್ಥ. ಮಾಮು ಮನೆಗೆ ಬಂದು ಆ ಜಾಗದಲ್ಲಿ ಪೆನ್ನಿನಿಂದ ಗುರುತು ಹಾಕಿಕೊಂಡರು.