ರೀಚಾರ್ಜ್ ದರ ಏರಿದರೆ ಅಂಗಡಿಯವರ ಮೇಲೆ ಸಿಟ್ಟು: ‘ಲೈಫ್‌ಟೈಮ್’, ‘ಯಾವತ್ತೂ ಫ್ರೀ’ ಅನ್ನೋ ಮಾತು ಎಷ್ಟು ದಿನ ನಡೆಯುತ್ತೆ?

“ಏನಣ್ಣ, ಹೋದ ಸಲ 155 ತಗೊಂಡೆ, ಈಗ 189 ಅಂತೀಯಲ್ಲ?”

“ನಾನೇನು ಮಾಡ್ಲಿ ಅಕ್ಕ, ಏರಿಸಿದ್ದು ಕಂಪನಿಯೋರು. ನನ್ನ ಕೈಲೇನಿದೆ?”

2024ರ ಜುಲೈ ಮೊದಲ ವಾರ ಮೊಬೈಲ್ ಅಂಗಡಿ ಇಟ್ಟವರಿಗೆ ಈ ಮಾತು ಕೇಳಿ ಕೇಳಿ ಸಾಕಾಗಿತ್ತು. ದರ ಏರಿಸೋದು ಮುಂಬೈ, ದೆಹಲಿಯಲ್ಲಿ. ಬೈಗುಳ ಬೀಳೋದು ಮಾತ್ರ ನಮ್ಮ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯವನಿಗೆ. ಗ್ರಾಹಕರ ಸಿಟ್ಟಿಗೂ ಅರ್ಥ ಇದೆ. ಸಿಮ್ ಮಾರುವಾಗ ಹೇಳಿದ್ದು ಒಂದು, ಈಗ ಕೇಳ್ತಿರೋದು ಇನ್ನೊಂದು. ಹಾಗಾದರೆ ಕಂಪನಿಗಳು ಹೀಗೆ ಏರಿಸಬಹುದಾ? ಕಾನೂನು ಯಾರ ಕಡೆ ಇದೆ? ನಮ್ಮ ದುಡ್ಡು ಉಳಿಸಿಕೊಳ್ಳೋಕೆ ದಾರಿ ಏನು? ಒಂದೊಂದಾಗಿ ನೋಡೋಣ.

ಎಷ್ಟು ಏರಿತ್ತು?

2024ರ ಜೂನ್ 27ರಂದು ಜಿಯೋ, ಮರುದಿನ ಏರ್‌ಟೆಲ್ ಮತ್ತು ವಿ ಕಂಪನಿಗಳು ದರ ಏರಿಕೆ ಪ್ರಕಟಿಸಿದವು. ಜಿಯೋ, ಏರ್‌ಟೆಲ್ ಹೊಸ ದರ ಜುಲೈ 3ರಿಂದ, ವಿ ದರ ಜುಲೈ 4ರಿಂದ ಜಾರಿಗೆ ಬಂತು.

• ಜಿಯೋ 28 ದಿನದ 155 ರೂ. ಪ್ಯಾಕ್ 189 ರೂ. ಆಯಿತು.
• ಜಿಯೋ ದಿನಕ್ಕೆ 1.5 ಜಿಬಿ ಕೊಡುವ 28 ದಿನದ ಪ್ಯಾಕ್ 239ರಿಂದ 299ಕ್ಕೆ ಹೋಯಿತು.
• ಏರ್‌ಟೆಲ್ ಮತ್ತು ವಿ 28 ದಿನದ 179 ರೂ. ಪ್ಯಾಕ್ 199 ಆಯಿತು.
• ಜಿಯೋ, ಏರ್‌ಟೆಲ್ ಎರಡರಲ್ಲೂ 2,999 ರೂ. ಇದ್ದ ವರ್ಷದ ಪ್ಯಾಕ್ 3,599 ಆಯಿತು.

ಒಂದು ಪ್ಯಾಕ್ ನೋಡಿದರೆ 60 ರೂಪಾಯಿ ತಾನೇ ಅನ್ನಿಸಬಹುದು. ಮನೆಯಲ್ಲಿ ನಾಲ್ಕು ಫೋನ್ ಇದ್ದು, ನಾಲ್ಕಕ್ಕೂ 239ರ ಪ್ಯಾಕ್ ಹಾಕಿಸ್ತಿದ್ದರೆ ಪ್ರತಿ ಸಲ 240 ರೂ. ಹೆಚ್ಚು. 28 ದಿನದ ಪ್ಯಾಕ್ ಅಂದ್ರೆ ವರ್ಷಕ್ಕೆ 12 ಸಲ ಅಲ್ಲ, 13 ಸಲ ರೀಚಾರ್ಜ್. ವರ್ಷಕ್ಕೆ 3,120 ರೂಪಾಯಿ ಹೆಚ್ಚುವರಿ ಖರ್ಚು. ಕೂಲಿ ಮಾಡೋ ಮನೆಗೆ ಇದು ಸಣ್ಣ ಮೊತ್ತವಲ್ಲ.

ಕೊಟ್ಟ ಮಾತು ಏನಾಯ್ತು?

ಹಳಬರಿಗೆ ನೆನಪಿರಬಹುದು. 2005ರ ಕೊನೆಯಲ್ಲಿ ‘ಲೈಫ್‌ಟೈಮ್’ ಸಿಮ್ ಬಂತು. ಒಂದೇ ಸಲ 999 ರೂ. ಕಟ್ಟಿದರೆ ಇನ್ಕಮಿಂಗ್ ಜೀವನಪೂರ್ತಿ ಅಂತ ಜನ ಮುಗಿಬಿದ್ದು ತಗೊಂಡರು. ಆದರೆ ‘ಲೈಫ್’ ಅಂದರೆ ಯಾರ ಲೈಫು? ಗ್ರಾಹಕನದಲ್ಲ. ಕಂಪನಿಗೆ ಸರ್ಕಾರ ಕೊಟ್ಟ ಲೈಸೆನ್ಸ್ ಇರುವಷ್ಟು ಕಾಲ, ಅದು ನವೀಕರಣವಾದರೆ ಆ ಅವಧಿಯೂ ಸೇರಿ. ಟೆಲಿಕಾಂ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2006ರ ಮಾರ್ಚ್‌ನಲ್ಲಿ ಇದನ್ನು ಆದೇಶದಲ್ಲೇ ಹೇಳಿತು. ಆಮೇಲೆ ಏರ್‌ಸೆಲ್ ಮುಚ್ಚಿತು, ಟಾಟಾ ಡೊಕೊಮೊ ಏರ್‌ಟೆಲ್ ಪಾಲಾಯಿತು. ಎಷ್ಟೋ ಸಿಮ್‌ಗಳಲ್ಲಿ ಗ್ರಾಹಕನಿಗಿಂತ ಮೊದಲು ಕಂಪನಿಯ ಲೈಫೇ ಮುಗಿಯಿತು.

2018ರ ಕೊನೆಗೆ ಇನ್ನೊಂದು ಪೆಟ್ಟು ಬಿತ್ತು. ಬರೀ ಇನ್ಕಮಿಂಗ್‌ಗೆ ಸಿಮ್ ಇಟ್ಟುಕೊಂಡಿದ್ದವರಿಗೂ 28 ದಿನಕ್ಕೊಮ್ಮೆ ಕನಿಷ್ಠ ರೀಚಾರ್ಜ್ ಕಡ್ಡಾಯ ಅಂತ ಕಂಪನಿಗಳು ಶುರು ಮಾಡಿದವು. ಅಕೌಂಟ್‌ನಲ್ಲಿ ಸಾಕಷ್ಟು ಬ್ಯಾಲೆನ್ಸ್ ಇರುವವರ ಸಂಪರ್ಕವನ್ನು ತಕ್ಷಣ ಕತ್ತರಿಸಬೇಡಿ ಅಂತ ಟ್ರಾಯ್ ಹೇಳಬೇಕಾಯಿತು. ಆದರೂ ಪದ್ಧತಿ ನಿಲ್ಲಲಿಲ್ಲ. ಏರ್‌ಟೆಲ್‌ನಲ್ಲಿ ಆಗ 35 ರೂ. ಇದ್ದ ಕನಿಷ್ಠ ರೀಚಾರ್ಜ್ ಮುಂದೆ 79, 99, 155, 179 ಅಂತ ಏರುತ್ತಾ 2024ರಲ್ಲಿ 199ಕ್ಕೆ ಬಂತು. ಈ 199ರಲ್ಲಿ ಅನ್‌ಲಿಮಿಟೆಡ್ ಕಾಲ್ ಇದೆ, ಹಳೇ 35ರಲ್ಲಿ ಇರಲಿಲ್ಲ, ನಿಜ. ಆದರೆ ಮಗನ ಫೋನ್ ಬರಲಿ ಅಂತ ಮಾತ್ರ ಸಿಮ್ ಇಟ್ಟುಕೊಂಡ ಅಜ್ಜಿಗೆ ಆ ಅನ್‌ಲಿಮಿಟೆಡ್ ಬೇಕಿರಲಿಲ್ಲ.

ಜಿಯೋದ್ದೂ ಇಂಥದ್ದೇ ಕಥೆ. 2016ರ ಸೆಪ್ಟೆಂಬರ್‌ನಲ್ಲಿ ಮುಕೇಶ್ ಅಂಬಾನಿ ಜಿಯೋ ಪ್ರಕಟಿಸುವಾಗ, ದೇಶದೊಳಗಿನ ಕಾಲ್‌ಗೆ ಗ್ರಾಹಕರು ಇನ್ನು ದುಡ್ಡು ಕೊಡಬೇಕಾಗಿಲ್ಲ ಅಂದಿದ್ದರು. 2019ರ ಅಕ್ಟೋಬರ್‌ನಲ್ಲಿ ಬೇರೆ ನೆಟ್‌ವರ್ಕ್‌ಗೆ ಮಾಡುವ ಕಾಲ್‌ಗೆ ನಿಮಿಷಕ್ಕೆ 6 ಪೈಸೆ ಬಂತು. ಬೇರೆ ಕಂಪನಿಗಳಿಗೆ ತಾನು ಕಟ್ಟಬೇಕಾದ ಶುಲ್ಕ ಅದು, ಬದಲಿಗೆ ಡೇಟಾ ಕೊಡ್ತೀವಿ ಅಂತ ಕಂಪನಿ ಹೇಳಿತು. 2021ರ ಜನವರಿಯಿಂದ ಆ 6 ಪೈಸೆ ಹೋಯಿತು. ಅಷ್ಟರೊಳಗೆ, 2019ರ ಡಿಸೆಂಬರ್‌ನಲ್ಲೇ, ಪ್ಯಾಕ್ ದರ ಒಂದು ಸುತ್ತು ಏರಿತ್ತು. 2021ರ ಕೊನೆಯಲ್ಲಿ ಮತ್ತೊಂದು ಸುತ್ತು, 2024ರಲ್ಲಿ ಇನ್ನೊಂದು.

ಕಾನೂನು ಏನು ಹೇಳುತ್ತೆ?

ಮೊಬೈಲ್ ದರ ಇಷ್ಟೇ ಇರಬೇಕು ಅಂತ ಸರ್ಕಾರವಾಗಲಿ ಟ್ರಾಯ್ ಆಗಲಿ ನಿಗದಿ ಮಾಡೋದಿಲ್ಲ. ಕಂಪನಿಯೇ ದರ ಇಟ್ಟು, ಜಾರಿಯಾದ 7 ಕೆಲಸದ ದಿನದೊಳಗೆ ಟ್ರಾಯ್‌ಗೆ ವರದಿ ಕೊಟ್ಟರೆ ಸಾಕು. ಹಾಗಾಗಿ ಮುಂದಿನ ರೀಚಾರ್ಜ್ ದರ ಏರಿಸೋದು ತಪ್ಪಲ್ಲ.

ಆದರೆ ಗ್ರಾಹಕನಿಗೆ ಒಂದು ರಕ್ಷಣೆ ಇದೆ. ಒಂದು ಪ್ಲಾನ್‌ಗೆ ಸೇರಿದ ದಿನದಿಂದ 6 ತಿಂಗಳು ಆ ಪ್ಲಾನ್‌ನ ದರ ಏರಿಸುವಂತಿಲ್ಲ. 6 ತಿಂಗಳಿಗಿಂತ ಹೆಚ್ಚು ವ್ಯಾಲಿಡಿಟಿಗೆ ಮುಂಗಡ ದುಡ್ಡು ಕಟ್ಟಿದ್ದರೆ, ಆ ಪೂರ್ತಿ ಅವಧಿ ಏರಿಸುವಂತಿಲ್ಲ.

ಹಾಗಿದ್ರೆ ಜುಲೈನಲ್ಲಿ ಹೇಗೆ ಏರಿಸಿದರು ಅಂತ ಕೇಳಬಹುದು. ನಾವು ಹಾಕಿಸೋ ಪ್ಯಾಕ್‌ಗಳಿಗೆ ಅವುಗಳದ್ದೇ ವ್ಯಾಲಿಡಿಟಿ ಇರುತ್ತೆ. 28 ದಿನ ಮುಗಿದ ಮೇಲೆ ಹಾಕಿಸೋದು ಹೊಸ ಖರೀದಿ. ಅಂಗಡಿಯಲ್ಲಿ ಹೋದ ತಿಂಗಳ ಬೆಲೆಗೆ ಈ ತಿಂಗಳು ಎಣ್ಣೆ ಕೊಡಿ ಅಂತ ಹೇಗೆ ಕೇಳೋಕಾಗಲ್ವೋ ಹಾಗೆ. ಒಟ್ಟಿನಲ್ಲಿ, ನೀವು ದುಡ್ಡು ಕಟ್ಟಿದ ಅಷ್ಟು ದಿನಕ್ಕೆ ಮಾತ್ರ ದರಕ್ಕೆ ಬೀಗ ಬಿದ್ದಿರುತ್ತೆ. ಜಾಹೀರಾತಿನ ಮಾತಿಗೆ ಆ ಬೀಗ ಇಲ್ಲ.

2024ರಲ್ಲಿ ಇದನ್ನು ಅರ್ಥ ಮಾಡಿಕೊಂಡವರು ಜುಲೈ 3ರೊಳಗೇ 2,999ರ ವರ್ಷದ ಪ್ಯಾಕ್ ಹಾಕಿಸಿಕೊಂಡರು. ಅವರಿಗೆ ಆ ಪ್ಯಾಕ್ ಹಳೇ ದರದಲ್ಲೇ ಪೂರ್ತಿ ನಡೆಯಿತು, 600 ರೂ. ಉಳಿಯಿತು.

ನೀವು ಏನು ಮಾಡಬಹುದು?

ಮೊದಲನೆಯದು, ದಿನದ ಲೆಕ್ಕ ಹಾಕಿ. ಪ್ಯಾಕ್ ಬೆಲೆಯನ್ನು ದಿನಗಳಿಂದ ಭಾಗಿಸಿ. 199 ರೂ. 28 ದಿನಕ್ಕೆ ಅಂದ್ರೆ ದಿನಕ್ಕೆ 7 ರೂ. 11 ಪೈಸೆ.

ಎರಡನೆಯದು, ನೆಟ್ ಬೇಡದ ಫೋನ್‌ಗೆ ಬರೀ ಕಾಲ್, ಎಸ್‌ಎಂಎಸ್ ಪ್ಯಾಕ್ ಕೇಳಿ. ಇಂಥ ಪ್ಯಾಕ್ ಕೊಡಲೇಬೇಕು ಅಂತ ಟ್ರಾಯ್ 2024ರ ಡಿಸೆಂಬರ್ 23ರಂದು ಆದೇಶ ಮಾಡಿದೆ. ವ್ಯಾಲಿಡಿಟಿ ಮಿತಿಯನ್ನೂ 90 ದಿನದಿಂದ 365 ದಿನಕ್ಕೆ ಏರಿಸಿದೆ. 2025ರ ಜನವರಿಯಲ್ಲಿ ಏರ್‌ಟೆಲ್ 84 ದಿನಕ್ಕೆ 469, ವರ್ಷಕ್ಕೆ 1,849 ರೂ. ಇಟ್ಟಿತು. ಜಿಯೋ 84 ದಿನಕ್ಕೆ 448, 336 ದಿನಕ್ಕೆ 1,748 ಇಟ್ಟಿತು. 199ರ ಪ್ಯಾಕನ್ನು ವರ್ಷಕ್ಕೆ 13 ಸಲ ಹಾಕಿಸಿದರೆ 2,587 ರೂ. ಆಗುತ್ತೆ. ಅದರ ಬದಲು 1,849ರದ್ದು ಹಾಕಿಸಿದರೆ 738 ರೂ. ಉಳಿತಾಯ. ಹಾಕಿಸುವ ದಿನ ಇರುವ ದರವನ್ನು ಅಂಗಡಿಯಲ್ಲಿ ಒಮ್ಮೆ ಕೇಳಿಕೊಳ್ಳಿ.

ಮೂರನೆಯದು, ತಿಂಗಳ ಸಂಬಳದವರಿಗೆ 30 ದಿನದ ಪ್ಯಾಕ್ ಮತ್ತು ಪ್ರತಿ ತಿಂಗಳು ಅದೇ ತಾರೀಖಿಗೆ ಬರುವ ಪ್ಯಾಕ್ ಇವೆ. ಪ್ರತಿ ಕಂಪನಿಯೂ ಇವನ್ನು ಇಡಬೇಕು ಅಂತ 2022ರಿಂದ ನಿಯಮ ಇದೆ. ಅಂಗಡಿಯ ಬೋರ್ಡ್‌ನಲ್ಲಿ ಕಾಣದಿದ್ದರೂ ಕೇಳಿ.

ನಾಲ್ಕನೆಯದು, ನಂಬರ್ ಸಾಯಲು ಬಿಡಬೇಡಿ. ಬ್ಯಾಂಕ್ ಒಟಿಪಿ, ಆಧಾರ್, ಗ್ಯಾಸ್ ಬುಕಿಂಗ್ ಎಲ್ಲವೂ ಅದೇ ನಂಬರಿಗೆ ಬರೋದು. 90 ದಿನ ಯಾವ ಬಳಕೆಯೂ ಇಲ್ಲದಿದ್ದರೆ ಸಿಮ್ ಬಂದ್ ಆಗಬಹುದು. ಮೇನ್ ಬ್ಯಾಲೆನ್ಸ್‌ನಲ್ಲಿ 20 ರೂ. ಇದ್ದರೆ ಅದನ್ನು ಕಡಿತ ಮಾಡಿ ಇನ್ನೂ 30 ದಿನ ನಂಬರ್ ಉಳಿಸಬೇಕು ಅನ್ನೋದು ನಿಯಮ. ಬಂದ್ ಆದ ನಂಬರ್ ಆಮೇಲೆ ಬೇರೆಯವರ ಪಾಲಾಗಬಹುದು. ಬಿಡೋದೇ ಆದರೆ ಮೊದಲು ಬ್ಯಾಂಕ್, ಆಧಾರ್‌ನಲ್ಲಿ ನಂಬರ್ ಬದಲಾಯಿಸಿ.

ಪೋರ್ಟ್ ಮಾಡಿಸೋದಾದ್ರೆ

2024ರ ದರ ಏರಿಕೆ ಆದ ತಿಂಗಳು ಬಿಎಸ್‌ಎನ್‌ಎಲ್‌ಗೆ ಸುಮಾರು 29 ಲಕ್ಷ ಗ್ರಾಹಕರು ಹೆಚ್ಚಾದರು, ಮೂರೂ ಖಾಸಗಿ ಕಂಪನಿಗಳಿಗೆ ಗ್ರಾಹಕರು ಕಡಿಮೆಯಾದರು. ನೀವೂ ಹೋಗಬೇಕು ಅಂತಿದ್ದರೆ ಮೊದಲು ಮನೆಯಲ್ಲಿ, ತೋಟದಲ್ಲಿ, ಅಂಗಡಿಯಲ್ಲಿ ಸಿಗ್ನಲ್ ಸಿಗುತ್ತಾ ನೋಡಿ. ಸಿಗ್ನಲ್ ಇಲ್ಲದ ಕಡೆ ಅಗ್ಗದ ಪ್ಯಾಕ್ ಹಾಕಿಸಿ ಏನು ಪ್ರಯೋಜನ?

ಇಂಗ್ಲಿಷ್‌ನಲ್ಲಿ ‘ಪೋರ್ಟ್’ ಅಂತ ಟೈಪ್ ಮಾಡಿ, ಜಾಗ ಬಿಟ್ಟು ನಿಮ್ಮ 10 ಅಂಕಿಯ ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳಿಸಿ. ಬರುವ ಕೋಡ್ ನಮ್ಮ ರಾಜ್ಯದಲ್ಲಿ 4 ದಿನ ನಡೆಯುತ್ತೆ. ಈಗಿನ ಕಂಪನಿಗೆ ಬಂದು 90 ದಿನ ಆಗಿರಬೇಕು. ಮುಖ್ಯವಾಗಿ, ಪೋರ್ಟ್ ಆದರೆ ಹಳೇ ಕಂಪನಿಯಲ್ಲಿ ಉಳಿದ ದಿನ, ಬ್ಯಾಲೆನ್ಸ್ ಹೊಸದಕ್ಕೆ ಬರಲ್ಲ. ಪ್ಯಾಕ್ ಮುಗಿಯುವ ಹೊತ್ತಿಗೆ ಮಾಡಿಸಿದರೆ ಲುಕ್ಸಾನು ಇಲ್ಲ.

ದೂರು ಯಾವಾಗ ಗೆಲ್ಲುತ್ತೆ?

‘ದರ ಏರಿಸಿದ್ದಾರೆ’ ಅನ್ನೋ ದೂರಿಗೆ ಬಲ ಕಡಿಮೆ. ‘84 ದಿನಕ್ಕೆ ದುಡ್ಡು ಕಟ್ಟಿದ್ದೆ, ನಡುವೆ ಡೇಟಾ ಕಡಿತ ಮಾಡಿದ್ರು, ಮೊದಲೇ ಬಂದ್ ಮಾಡಿದ್ರು’ ಅನ್ನೋ ದೂರಿಗೆ ಬಲ ಇದೆ. ಅದಕ್ಕೇ ರೀಚಾರ್ಜ್ ಆದಾಗ ಬರುವ ಮೆಸೇಜ್ ಅಳಿಸಬೇಡಿ.

ಮೊದಲು ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ದೂರಿನ ಡಾಕೆಟ್ ನಂಬರ್ ಬರೆದುಕೊಳ್ಳಿ. ಸರಿಹೋಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಶುಲ್ಕ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. ಟೆಲಿಕಾಂ ಕಂಪನಿ ವಿರುದ್ಧ ಗ್ರಾಹಕರ ಆಯೋಗಕ್ಕೆ ಹೋಗಬಹುದು ಅಂತ ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಹೇಳಿದೆ. ಜಿಲ್ಲಾ ಆಯೋಗದಲ್ಲಿ 5 ಲಕ್ಷ ರೂ.ವರೆಗಿನ ಪ್ರಕರಣಕ್ಕೆ ಶುಲ್ಕ ಇಲ್ಲ. ಟ್ರಾಯ್ ಒಬ್ಬೊಬ್ಬರ ದೂರು ವಿಚಾರಣೆ ಮಾಡಲ್ಲ, ಅಲ್ಲಿಗೆ ಬರೆದು ಕಾಯಬೇಡಿ.

ಅಂಗಡಿಯವರಿಗೆ ಒಂದು ಮಾತು

ರೀಚಾರ್ಜ್ ಮಾಡುವಾಗ ಬೆಲೆ, ದಿನ, ಮುಗಿಯುವ ತಾರೀಖು ಮೂರನ್ನೂ ಒಂದು ಚೀಟಿಯಲ್ಲಿ ಬರೆದುಕೊಡಿ. ಹೊಸ ಸಿಮ್ ಮಾರುವಾಗ ‘ಯಾವಾಗಲೂ ಇದೇ ರೇಟು’ ಅಂತ ಬಾಯಿ ಮಾತಿಗೂ ಹೇಳಬೇಡಿ. ಕಂಪನಿ ಆ ಮಾತು ಉಳಿಸಿಕೊಳ್ಳದಿದ್ದರೆ, ಗ್ರಾಹಕ ಬಂದು ಕೇಳೋದು ನಿಮ್ಮನ್ನೇ. ದರ ಏರುತ್ತೆ ಅಂತ ಸುದ್ದಿ ಬಂದ ದಿನವೇ ಖಾಯಂ ಗಿರಾಕಿಗಳಿಗೆ ಒಂದು ಮಾತು ತಿಳಿಸಿ. 2024ರಲ್ಲಿ ಪ್ರಕಟಣೆಗೂ ಜಾರಿಗೂ ನಡುವೆ ಐದಾರು ದಿನ ಸಿಕ್ಕಿತ್ತು. ಹಳೇ ದರದಲ್ಲಿ ಮುಂಗಡ ಹಾಕಿಸಿಕೊಳ್ಳೋಕೆ ಅಷ್ಟು ಟೈಮ್ ಸಾಕು.