ಬೆಳಿಗ್ಗೆ ಎಂಟರ ಧಾರಾವಾಹಿ, ನಮ್ಮ ಮನೆಯ ಮಾತು

2024ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಎನ್‌ಎಚ್‌ಕೆಯಲ್ಲಿ ‘ತೋರಾ ನಿ ತ್ಸುಬಾಸಾ’ ಬರ್ತಿತ್ತು. ಜಪಾನಿನ ಮೊದಲ ಮಹಿಳಾ ವಕೀಲರಲ್ಲೊಬ್ಬರಾದ, ಮುಂದೆ ನ್ಯಾಯಾಧೀಶರೂ ಆದ ಮಿಬುಚಿ ಯೋಶಿಕೊ ಅವರ ಬದುಕೇ ಅದಕ್ಕೆ ಮೂಲ. ಯುದ್ಧಕ್ಕೆ ಮುಂಚೆ ಮದುವೆಯಾದ ಹೆಣ್ಣು ಗಂಡನ ಒಪ್ಪಿಗೆಯಿಲ್ಲದೆ ಸಾಲ ತೆಗೆಯೋ ಹಾಗೂ ಇರಲಿಲ್ಲ.

ನೋಡಿದ ನಮ್ಮಲ್ಲಿ ಕೆಲವರು ‘ಹಳೇ ಕಥೆ’ ಅಂದ್ರು. ‘ಹಳೇದೇನಲ್ಲ, ಇವತ್ತೂ ಜಪಾನಿ ದಂಪತಿಗೆ ಕಾನೂನಿನಲ್ಲಿ ಒಂದೇ ಮನೆತನದ ಹೆಸರು’ ಅಂದ್ರು ಇನ್ನು ಕೆಲವರು.

ಗಂಡನ ವೀಸಾದ ಮೇಲೆ ಬಂದ ನಮ್ಮ ಹೆಣ್ಣುಮಕ್ಕಳಿಗೆ ನಾಟಿದ್ದು ಬೇರೆ. ಅನುಮತಿ ಪಡೆದರೂ ವಾರಕ್ಕೆ 28 ಗಂಟೆಯಷ್ಟೇ ದುಡಿಮೆ. ಓದಿಗೆ ತಕ್ಕ ಕೆಲಸ ಸಿಕ್ಕರೆ ಸ್ವಂತ ವೀಸಾಕ್ಕೆ ಅರ್ಜಿ ಹಾಕಬಹುದು. ಅಕ್ಕಂದಿರೇ, ಡಿಗ್ರಿ ಸರ್ಟಿಫಿಕೇಟು ಊರಿನ ಟ್ರಂಕಿನಲ್ಲಿದ್ರೆ ಈಗಲೇ ತರಿಸಿಕೊಳ್ಳಿ.