ಸವೆದ ತಟ್ಟೆಯ ಸಂಗೀತ

ಡಿ.ಜೆ. ಎಂಬ ಎರಡಕ್ಷರ ಕಿವಿಗೆ ಬಿದ್ದೊಡನೆ ಗಣಪತಿ ವಿಸರ್ಜನೆಯ ಲಾರಿಯೂ, ಅದರ ಮೇಲೆ ಒಟ್ಟಿದ ಧ್ವನಿವರ್ಧಕಗಳೂ, ಮರುದಿನದ ತಲೆನೋವೂ ನಮ್ಮ ವಾಚಕರಿಗೆ ನೆನಪಾಗುವುದು ಸಹಜ. ಈ ಲೇಖನ ಆ ಗದ್ದಲವನ್ನು ಕುರಿತದ್ದಲ್ಲ. 'ಡಿಸ್ಕ್ ಜಾಕಿ' ಎಂಬ ಮಾತಿನಲ್ಲಿರುವ ಡಿಸ್ಕು ಎಂದರೆ ಗ್ರಾಮಫೋನಿನ ತಟ್ಟೆ. ಆ ತಟ್ಟೆಯನ್ನೂ ಅದನ್ನು ತಿರುಗಿಸುವ ಯಂತ್ರವನ್ನೂ ವೀಣೆ ಮೃದಂಗಗಳಂತೆ ನುಡಿಸುವ ವಾದ್ಯವನ್ನಾಗಿಯೇ ಮಾಡಿಕೊಂಡ ಕೆಲವು ಕಲಾವಿದರ ವಿಷಯವಿದು.

ಮೊದಲು ತಟ್ಟೆಯ ಸ್ವರೂಪವನ್ನು ನೋಡೋಣ. ಹಳೆಯ ಕಪ್ಪು ತಟ್ಟೆ ಅರಗಿನದು. ಮರದ ಕೊಂಬೆಗಳ ಮೇಲೆ ಅರಗಿನ ಹುಳು ಸುರಿಸುವ ಅಂಟೇ ಅದು. ಹೊರದೇಶಗಳ ಕಾರ್ಖಾನೆಗಳಿಗೆ ಅದರ ಬಹುಪಾಲು ಹೋಗುತ್ತಿದ್ದದ್ದು ನಮ್ಮ ದೇಶದಿಂದಲೇ. ಅದಕ್ಕೆ ಕಲ್ಲಿನ ಹುಡಿಯನ್ನು ಬೆರೆಸುತ್ತಿದ್ದರು. ಉಕ್ಕಿನ ಮುಳ್ಳು ಆ ಒರಟು ಗೆರೆಯಲ್ಲಿ ಉಜ್ಜಿಕೊಂಡು ಸವೆದು, ಗೆರೆಯ ಆಕಾರಕ್ಕೆ ಹೊಂದಿಕೊಳ್ಳಲೆಂದೇ ಈ ಏರ್ಪಾಡು. ಮುಳ್ಳಿನ ಜೊತೆಗೆ ಗೆರೆಯೂ ಸವೆಯುತ್ತಿತ್ತು. ಅಂದರೆ ಹಾಡನ್ನು ಕೇಳುವುದೆಂದರೆ ಅದನ್ನು ಇಷ್ಟಿಷ್ಟೇ ಅಳಿಸುವುದೂ ಆಗಿತ್ತು. ಮನೆಮಂದಿಗೆ ಅತಿ ಪ್ರಿಯವಾದ ತಟ್ಟೆಯೇ ಎಲ್ಲಕ್ಕಿಂತ ಹೆಚ್ಚು ಕರಕರ ಎನ್ನುತ್ತಿತ್ತು! 1948ರಲ್ಲಿ ಬಂದ ವಿನೈಲ್ ಪ್ಲಾಸ್ಟಿಕ್ಕಿನ ಲಾಂಗ್ ಪ್ಲೇ ತಟ್ಟೆ ಈ ಸದ್ದನ್ನು ತಗ್ಗಿಸಿತು. 1982ರಲ್ಲಿ ಬಂದ ಸಿ.ಡಿ. ಮುಳ್ಳನ್ನೇ ಇಲ್ಲವಾಗಿಸಿತು. ಕಂಪನಿಗಳು ಅಷ್ಟು ವರ್ಷ ಹೆಣಗಿ ಹೊರಗಟ್ಟಿದ ಆ ಕರಕರವನ್ನೇ ಈ ಕಲಾವಿದರು ಕರೆದು ಕೂರಿಸಿದರು.

ದಾರಿ ತೋರಿದವರು ಇಬ್ಬರು. ಅಮೆರಿಕದ ಜಾನ್ ಕೇಜ್ 1939ರಲ್ಲಿ ತಟ್ಟೆಗಳ ವೇಗವನ್ನು ಏರಿಳಿಸಿ ನುಡಿಸುವ ಒಂದು ಕೃತಿಯನ್ನು ರಚಿಸಿದರು. ಫ್ರಾನ್ಸಿನ ರೇಡಿಯೋದಲ್ಲಿದ್ದ ಪಿಯೇರ್ ಶೆಫರ್ 1948ರಲ್ಲಿ ಪ್ಯಾರಿಸಿನ ಒಂದು ನಿಲ್ದಾಣದಲ್ಲಿ ರೈಲು ಎಂಜಿನುಗಳ ಸದ್ದನ್ನು ತಟ್ಟೆಗೆ ಇಳಿಸಿಕೊಂಡರು. ತಟ್ಟೆಯ ಗೆರೆ ಸುರುಳಿಯಾಗಿ ಒಳಕ್ಕೆ ಸಾಗುತ್ತದಷ್ಟೆ. ಅದನ್ನು ಸುತ್ತಿ ತನ್ನ ಬಾಲಕ್ಕೇ ಕೂಡಿಸಿದರೆ ಮುಳ್ಳು ಅಲ್ಲೇ ಸುತ್ತತೊಡಗುತ್ತದೆ. ನಿಮಿಷಕ್ಕೆ 78 ಸುತ್ತಿನ ತಟ್ಟೆಯಲ್ಲಿ ಒಂದು ಸುತ್ತಿಗೆ ಮುಕ್ಕಾಲು ಸೆಕೆಂಡಿಗಿಂತ ತುಸು ಹೆಚ್ಚು ಹಿಡಿಯುತ್ತದೆ. ಅಷ್ಟೇ ಸದ್ದು ಹತ್ತು ಸಲ, ಇಪ್ಪತ್ತು ಸಲ ಮರಳಿ ಬಂದಾಗ ಅದು ಎಂಜಿನ್ನೆಂಬುದು ಮರೆತುಹೋಗಿ ಲಯವೊಂದೇ ಕೇಳುತ್ತದೆ. ಮಗ್ಗಖಾತೆಯಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ.

ಇನ್ನು ಡಿ.ಜೆ.ಗಳು. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡವರ ವಸತಿಯಲ್ಲಿ, ಒಂದು ಬಾಡಿಗೆ ಕಟ್ಟಡದ ಕೋಣೆಯಲ್ಲಿ, ಜಮೈಕಾದಿಂದ ಬಂದು ನೆಲೆಸಿದ್ದ ಕೂಲ್ ಹರ್ಕ್ ಎಂಬ ತರುಣ ಒಂದು ಕುಣಿತದ ಕೂಟದಲ್ಲಿ ತಟ್ಟೆ ಹಾಕಿದ. ಹಾಡು ನಿಂತು ತಾಳವೊಂದೇ ಉಳಿಯುವ ಕಡೆಯಲ್ಲಿ ಜನ ಹುಚ್ಚೆದ್ದು ಕುಣಿಯುವುದನ್ನು ಅವನು ಗಮನಿಸಿದ್ದ. ಒಂದೇ ತಟ್ಟೆಯ ಎರಡು ಪ್ರತಿಗಳನ್ನು ಎರಡು ಯಂತ್ರಗಳಲ್ಲಿಟ್ಟು, ಇದು ಮುಗಿಯುತ್ತಲೂ ಅದು, ಅದು ಮುಗಿಯುತ್ತಲೂ ಇದು ಎಂದು ಆ ತುಣುಕನ್ನೇ ಬೆಳೆಸುವ ಉಪಾಯ ಅವನದು. ಕೆಲವೇ ವರ್ಷಗಳಲ್ಲಿ ಗ್ರ್ಯಾಂಡ್ ವಿಜರ್ಡ್ ಥಿಯೋಡರ್ ಎಂಬ ಹುಡುಗ ತಿರುಗುವ ತಟ್ಟೆಯನ್ನು ಕೈಯಿಂದ ಹಿಂದೆ ಮುಂದೆ ಉಜ್ಜಿ 'ಸ್ಕ್ರ್ಯಾಚ್' ಎಂಬ ಸದ್ದನ್ನು ಕಂಡುಕೊಂಡ. ಕೋಣೆಯ ಬಾಗಿಲಲ್ಲಿ ತಾಯಿ ಬೈಯುತ್ತ ನಿಂತಾಗ ತಟ್ಟೆಯನ್ನು ಕೈಯಲ್ಲಿ ಒತ್ತಿ ಹಿಡಿದದ್ದರಿಂದ ಹೊಳೆದದ್ದೆಂದು ಅವನೇ ಹೇಳಿಕೊಂಡಿದ್ದಾನೆ. ಸಂಗೀತಶಾಲೆಯ ಮೆಟ್ಟಿಲು ಹತ್ತದ, ವಾದ್ಯ ಕೊಳ್ಳಲು ಹಣವಿಲ್ಲದ ಹುಡುಗರು ಇದ್ದ ಯಂತ್ರವನ್ನೇ ವಾದ್ಯವಾಗಿಸಿದರೆಂಬುದನ್ನು ಪಂಡಿತರು ಮರೆಯಬಾರದು.

ಇದೇ ಕಾಲಕ್ಕೆ ಬಾಸ್ಟನ್ನಿನಲ್ಲಿ ಕಲಾಶಾಲೆಯ ವಿದ್ಯಾರ್ಥಿಯಾಗಿದ್ದ ಕ್ರಿಶ್ಚಿಯನ್ ಮಾರ್ಕ್ಲೇಗೆ ರಸ್ತೆಯಲ್ಲಿ ಬಿದ್ದು ಮೋಟಾರುಗಳ ಚಕ್ರಕ್ಕೆ ಸಿಕ್ಕಿದ ತಟ್ಟೆಯೊಂದು ದೊರೆಯಿತು. ನುಡಿಸಿ ನೋಡಿದರೆ ಮುಳ್ಳು ಎಡವಿದಲ್ಲೆಲ್ಲ ಹೊಸ ಲಯ! ಮುಂದೆ ಅವರು ತಟ್ಟೆಗಳನ್ನು ತುಂಡರಿಸಿ, ಬೇರೆ ಬೇರೆ ತುಂಡುಗಳನ್ನು ಅಂಟಿಸಿ ನುಡಿಸಿದರು. 1985ರಲ್ಲಿ ಅವರು ಹೊರತಂದ ತಟ್ಟೆಗೆ ಲಕೋಟೆಯೇ ಇಲ್ಲ. ಹಾಕಬಾರದೆಂದು ತಟ್ಟೆಯ ಮೇಲೆಯೇ ಅಪ್ಪಣೆಯುಂಟು. ಧೂಳು, ಗೀರು, ಬೆರಳ ಗುರುತು ಎಲ್ಲವೂ ಅದರ ಸಂಗೀತಕ್ಕೆ ಸೇರುತ್ತ ಹೋಗುತ್ತವೆ. ಕಾರ್ಖಾನೆಯಲ್ಲಿ ಒಂದೇ ಅಚ್ಚಿನಿಂದ ಬಂದ ಪ್ರತಿಗಳು ಒಬ್ಬೊಬ್ಬರ ಮನೆಯಲ್ಲಿ ಒಂದೊಂದಾಗಿ ಬೆಳೆದವು. ನನ್ನ ಮಟ್ಟಿಗೆ ಇವರ ಕೆಲಸದಲ್ಲೆಲ್ಲ ಇದೇ ಹೆಚ್ಚಿನದು.

ಇಂಗ್ಲೆಂಡಿನ ಫಿಲಿಪ್ ಜೆಕ್ (1952–2022) ಗುಜರಿ ಅಂಗಡಿಯ ಯಂತ್ರಗಳನ್ನೇ ನಂಬಿದವರು. 1993ರಲ್ಲಿ ಅವರೂ ಲಾಲ್ ಸಾರ್ಜೆಂಟರೂ ಸೇರಿ, ಅಲ್ಲಿನ ಸಾಮಾನ್ಯರ ಮನೆಗಳಲ್ಲಿ ಒಮ್ಮೆ ಮನೆಮಾತಾಗಿದ್ದ ಡಾನ್ಸೆಟ್ ಎಂಬ ಪುಟ್ಟ ಪೆಟ್ಟಿಗೆ ಯಂತ್ರಗಳನ್ನು 180ರಷ್ಟು ಜೋಡಿಸಿ ನುಡಿಸಿದರು. ಹೆಸರು 'ವಿನೈಲ್ ರೆಕ್ವಿಯಂ'. ರೆಕ್ವಿಯಂ ಎಂದರೆ ಕ್ರೈಸ್ತರಲ್ಲಿ ಸತ್ತವರಿಗಾಗಿ ಹಾಡುವ ಪ್ರಾರ್ಥನೆ. ಆದರೆ ಶ್ರಾದ್ಧ ಮುಗಿದ ಮೇಲೆ ಸತ್ತವನು ಎದ್ದು ಬಂದಂತಾಯಿತು. 2022ರಲ್ಲಿ ಅಮೆರಿಕದಲ್ಲಿ ವಿನೈಲ್ ತಟ್ಟೆಗಳು ಸಿ.ಡಿ.ಗಳಿಗಿಂತ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾದವು.

ಊರಿನ ಅಟ್ಟದ ಮೇಲೆ ಹಳೆಯ ತಟ್ಟೆಗಳಿರುವವರಿಗೆ ಒಂದು ಸೂಚನೆ. ಅರಗಿನ ತಟ್ಟೆಯ ಗೆರೆ ಅಗಲವಾದದ್ದು. ಲಾಂಗ್ ಪ್ಲೇ ಮುಳ್ಳಿಟ್ಟರೆ ಅದು ತಳದಲ್ಲಿ ತೆವಳಿ ಬರೀ ಸದ್ದು ಮಾಡೀತು. ಉಕ್ಕಿನ ಮುಳ್ಳಾದರೆ ಪ್ರತಿ ಮಗ್ಗುಲಿಗೂ ಹೊಸದನ್ನು ಹಾಕಬೇಕು. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿಡಿ. ಅರಗು ಬಿಸಿಲಿಗೆ ಸೊಟ್ಟಗಾಗುತ್ತದೆ, ಕೈಜಾರಿದರೆ ಗಾಜಿನಂತೆ ಒಡೆಯುತ್ತದೆ.